ಬದುವಿನ ಮೇಲೆ ಯಾರು ನಿಲ್ಲಬೇಕು

ಹುಕ್ಕೇರಿಯ ಸರ್ ಜೇಬಿನಿಂದ ಶೇಂಗಾ ತೆಗೆದು ಚಹಾದಂಗಡಿಯ ಟೇಬಲ್ಲಿನ ಮೇಲೆ ಸುರಿದರೆಂದರೆ ಆ ವಾರದ ವಾದ ಶುರುವಾಯಿತೆಂದೇ ಅರ್ಥ. ಐದು ಶೇಂಗಾ ಅವರ ಹುಡುಗಿಯರು, ಐದು ಪುಟಾಣಿ ಕಾಳು ನನ್ನ ಹುಡುಗಿಯರು. ಬೋರಲು ಹಾಕಿದ ಚಹಾದ ಬಸಿಯೇ ಬಾಸ್ಕೆಟ್‌ಬಾಲಿನ ಬುಟ್ಟಿ. ಅವರ ಶೇಂಗಾ ನನ್ನ ಪುಟಾಣಿಯನ್ನು ದಾಟಿ ಬಸಿಯ ಹತ್ತಿರ ಬಂತೆಂದರೆ ಆ ಪುಟಾಣಿಯನ್ನು ಎತ್ತಿ ಬಾಯಿಗೆ ಎಸೆದುಕೊಳ್ಳುತ್ತಿದ್ದರು. "ನಿಮ್ಮ ಹುಡಿಗಿ ಹೋದ್ಲು ನೋಡ್ರಿ ಟೀಚರ್ರ" ಅನ್ನುತ್ತ ನಿಧಾನವಾಗಿ ಅಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಮುಂದಿನ ರವಿವಾರ ತಪ್ಪದೆ ಅದೇ ಟೇಬಲ್ಲಿಗೆ ಹೋಗಿ ಕೂರುತ್ತಿದ್ದೆ.

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅವರದು ಹುಕ್ಕೇರಿಯಲ್ಲಿ ಅದೇ ಕೆಲಸ, ನನಗಿಂತ ಬಹಳ ಹಿರಿಯರು. ಇಬ್ಬರಿಗೂ ಹುಡುಗಿಯರ ಬಾಸ್ಕೆಟ್‌ಬಾಲ್ ಎಂದರೆ ಹುಚ್ಚು. ಗೋಕಾಕ ಇಬ್ಬರಿಗೂ ನಡುವೆ ಬರುವುದರಿಂದ ರವಿವಾರ ಎರಡೂ ತಂಡಗಳನ್ನು ಅಲ್ಲಿನ ಒಂದು ಮೈದಾನಕ್ಕೆ ಕರೆತಂದು ಆಡಿಸುತ್ತಿದ್ದೆವು. ಆಟ ಮುಗಿದ ಮೇಲೆ ಹುಡುಗಿಯರು ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು, ನಾವಿಬ್ಬರೂ ಚಹಾದಂಗಡಿ ಸೇರುತ್ತಿದ್ದೆವು.

ನಮ್ಮ ಜಗಳವೆಲ್ಲ ಬುಟ್ಟಿ ಕಾಯುವ ಬಗೆಯದು. ಸರ್ ಮ್ಯಾನ್ ಟು ಮ್ಯಾನ್ ಪಕ್ಷ. ಎದುರು ತಂಡದ ಒಬ್ಬೊಬ್ಬಳಿಗೆ ನಮ್ಮ ಒಬ್ಬೊಬ್ಬಳು, ಅವಳು ಹೋದಲ್ಲೆಲ್ಲ ಇವಳು ಹೋಗಬೇಕು. ನನ್ನದು ಝೋನ್. ಆಳಿನ ಹಿಂದೆ ಓಡುವುದಿಲ್ಲ, ಜಾಗ ಹಂಚಿಕೊಂಡು ನಿಲ್ಲುತ್ತೇವೆ. ನಮ್ಮ ಜಾಗಕ್ಕೆ ಯಾರು ಬಂದರೂ ಅವರನ್ನು ನಾವು ತಡೆಯುತ್ತೇವೆ. "ಜಾಗಾ ಎಲ್ಲೀ ಓಡಿ ಹೋಗೂದಿಲ್ರಿ. ಓಡಾಕಿ ಹುಡಿಗಿ. ಹುಡಿಗಿನ್ನ ಹಿಡೀರಿ" ಎನ್ನುತ್ತಿದ್ದರು ಅವರು. "ಓಡಿ ಓಡಿ ನಿಮ್ಮ ಹುಡಿಗ್ಯಾರ ಉಸರು ಹತ್ತೇತಿ, ಅದನ್ನರ ಹಿಡೀರಿ" ಎನ್ನುತ್ತಿದ್ದೆ ನಾನು.

ನಾನು ಝೋನನ್ನು ಇಷ್ಟಪಡಲು ಇನ್ನೊಂದು ಕಾರಣವಿತ್ತು, ಅದನ್ನು ಅವರಿಗೆ ಹೇಳಿರಲಿಲ್ಲ. ರವಿವಾರದ ಮುಂಜಾನೆಯ ಬಸ್ಸಿನಲ್ಲಿ ನಾನು ಕಿಟಕಿಗೆ ಹಣೆ ಹಚ್ಚಿ ಅರೆನಿದ್ದೆಯಲ್ಲಿ ಕೂತಿರುತ್ತಿದ್ದೆ. ಶ್ರಾವಣದ ಮಳೆ ಮುಗಿದ ದಿನಗಳು. ಅರಭಾವಿ ದಾಟುವ ಹೊತ್ತಿಗೆ ಕಬ್ಬಿನ ಮೇಲೆ ತೆಳ್ಳಗೆ ಮಂಜು ನಿಂತಿರುತ್ತಿತ್ತು. ಅರಿಶಿಣದ ಹೊಲ, ಗೋವಿನಜೋಳದ ಹೊಲ, ಮತ್ತೆ ಕಬ್ಬು. ನಡುನಡುವೆ ಹುಲ್ಲು ಬೆಳೆದ ಬದುಗಳು. ಬಸ್ಸು ತೂಗಿದಂತೆ ಆ ಹೊಲಗಳೂ ಮೆಲ್ಲಗೆ ತೂಗುತ್ತಿದ್ದವು. ಒಂದೊಂದು ಹೊಲದಲ್ಲಿ ನನ್ನ ಒಬ್ಬೊಬ್ಬ ಹುಡುಗಿ ಕೈ ಅಗಲಿಸಿ ನಿಂತ ಹಾಗೆ, ಚೆಂಡು ಮಂಜಿನೊಳಗೆ ಎಲ್ಲಿಂದಲೋ ಎಲ್ಲಿಗೋ ಹೋದರೆ ಐವರೂ ಒಟ್ಟಿಗೆ ಆ ಕಡೆ ಸರಿದ ಹಾಗೆ ಕಾಣುತ್ತಿತ್ತು. ಸದ್ದೇ ಇಲ್ಲದ ಆಟ ಅದು. ಕಂಡಕ್ಟರ್ ಬಂದು ಭುಜ ತಟ್ಟುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ಆ ಕನಸಿನಿಂದಲೇ ನನ್ನ ಪಾಠ ಹುಟ್ಟಿತು. ಶಾಲೆಯ ಅಂಗಳದಲ್ಲಿ ಬುಟ್ಟಿಯ ಮುಂದೆ ಸುಣ್ಣದ ಪುಡಿಯಿಂದ ಐದು ತುಂಡು ಮಾಡಿ, "ಇದು ನಿನ್ನ ಹೊಲ, ಇದು ನಿನ್ನ ಹೊಲ. ನಿಮ್ಮ ಹೊಲದಾಗ ದನ ಹೊಕ್ರ ಸುಮ್ಕ ಬಿಡ್ತೀರೇನು?" ಎಂದು ಕೇಳಿದೆ. "ಇಲ್ರೀ ಟೀಚರ್!" ಎಂದು ಕೂಗಿದರು. ತಿಂಗಳುಗಟ್ಟಲೆ ಇಂಗ್ಲಿಷ್ ಹೆಸರಿನಲ್ಲಿ ಹೇಳಿ ತಲೆಗೆ ಹೋಗದ್ದು ಒಂದೇ ಮುಂಜಾನೆಗೆ ಹೋಯಿತು. ಎಲ್ಲರೂ ಒಕ್ಕಲುತನದ ಮನೆಯ ಮಕ್ಕಳು. ನಾನು ಬಲು ಜಾಣೆ ಎಂದುಕೊಂಡು ಆ ದಿನ ಮನೆಗೆ ಹಾಡು ಗುನುಗುತ್ತ ಹೋದೆ.

ಆಮೇಲಿನ ರವಿವಾರ ಹುಕ್ಕೇರಿಯ ಹುಡುಗಿಯರು ಒಂದೇ ದಾರಿಯಲ್ಲಿ ನುಗ್ಗಿ ನುಗ್ಗಿ ಬುಟ್ಟಿ ತುಂಬಿಸಿದರು. ಬುಟ್ಟಿಯ ಕೆಳಗೆ ನಿಂತ ಇಬ್ಬರ ನಡುವಿನ ಸಂದು ಅದು. ಒಬ್ಬಳು ತಂಡದಲ್ಲೇ ಎತ್ತರದವಳು, ಎಲ್ಲರೂ ಅವಳನ್ನು ಉದ್ದಾಕಿ ಎನ್ನುತ್ತಿದ್ದರು. ಇನ್ನೊಬ್ಬಳು ಗಿಡ್ಡಿ, ಕಾಲು ಚುರುಕು, ಮೂಗಿನ ಮೇಲೆ ಸಿಟ್ಟು, ಹೆಚ್ಚುಕಡಿಮೆ ನನ್ನ ಹಾಗೆಯೇ. ಚೆಂಡು ಹಿಡಿದವಳು ಆ ಸಂದಿಗೆ ಬಂದರೆ ಇಬ್ಬರೂ ತಂತಮ್ಮ ಜಾಗದ ಅಂಚಿನಲ್ಲಿ ಗಕ್ಕನೆ ನಿಲ್ಲುತ್ತಿದ್ದರು. ಅವಳು ನಡುವೆ ನಡೆದು ಹೋಗುತ್ತಿದ್ದಳು. ನಾನು ಸೀಟಿ ಊದಿ ಊದಿ ಸುಸ್ತಾದೆ.

ಕೊನೆಗೆ ಇಬ್ಬರನ್ನೂ ಕರೆದು, "ಯಾಕ್ರೇ, ಕಾಲಿಗಿ ಏನರ ಕಟ್ಟೇರೇನು? ನಡುವ ಹೊಂಟಾಕಿನ್ನ ಹಿಡ್ಯಾಕ ಏನ್ ಧಾಡಿ?" ಎಂದು ರೇಗಿದೆ.

ಗಿಡ್ಡಿ ನೆಲ ನೋಡುತ್ತ ಹೇಳಿದಳು: "ಅದು ಬದು ಐತ್ರಿ ಟೀಚರ್."

"ಏನು?"

"ನಮ್ಮ ಹೊಲಾ ಇಲ್ಲಿತನಾ. ಆಕೀದು ಅಲ್ಲಿಂದ. ನಡುವಿಂದು ಬದು. ಬದುವಿನ ಮ್ಯಾಲ ಕಾಲ ಇಡಬ್ಯಾಡ ಅಂತ ಮನ್ಯಾಗ ಹೇಳ್ಯಾರ್ರಿ."

ಸರ್ ಹಿಂದೆ ನಿಂತು ಕೇಳುತ್ತಿದ್ದರು. ಅವರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನನಗೂ ನಗು ಬಂತು, ಆದರೆ ಉದ್ದಾಕಿಯ ಮುಖ ನೋಡಿ ಅಲ್ಲೇ ನಿಂತುಹೋಯಿತು. ಅವಳ ಕಣ್ಣು ತುಂಬಿತ್ತು.

ಇಬ್ಬರೂ ನಾಗನೂರದವರು. ಹೊಲಕ್ಕೆ ಹೊಲ ಹೊಂದಿಕೊಂಡಿವೆ. ನಡುವಿನ ಬದುವನ್ನು ನೀವು ಉತ್ತಿರಿ, ಇಲ್ಲ ನೀವೇ ಉತ್ತಿರಿ ಎಂದು ಎರಡೂ ಮನೆಯವರು ಜಗಳ ತೆಗೆದು, ಊರ ಹಿರಿಯರು ಕೂತರೂ ಬಗೆಹರಿಯದೆ, ಮಾತು ಬಿಟ್ಟಿದ್ದರು. ನಮ್ಮ ಕಡೆ ಮಾತು ಬಿಡುವುದು ಸಣ್ಣ ಸಂಗತಿಯಲ್ಲ. ದೊಡ್ಡವರು ಬಿಟ್ಟರೆ ಮಕ್ಕಳೂ ಬಿಡಬೇಕು, ಮದುವೆಗೆ ಕರೆಯುವ ಹಾಗಿಲ್ಲ, ಎದುರು ಬಂದರೆ ಮುಖ ತಿರುಗಿಸಬೇಕು. ಒಂದೇ ಬುತ್ತಿಯಲ್ಲಿ ಉಂಡ ಈ ಇಬ್ಬರೂ ಹಾಗೆ ಮಾತು ನಿಲ್ಲಿಸಿದ್ದರು. ಹುಡುಗಿಯರು ಗುಂಪಾಗಿ ಗಲಗಲ ಎನ್ನುವಾಗ ಇವರಿಬ್ಬರು ಒಬ್ಬರಿಗೊಬ್ಬರು ಒಂದು ಶಬ್ದವನ್ನೂ ಆಡುವುದಿಲ್ಲವೆಂಬುದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಆ ವಾರವೇ ಉದ್ದಾಕಿಯ ತಂದೆ ಶಾಲೆಗೆ ಬಂದರು. ಬೈಕಿನಿಂದ ಇಳಿಯಲೂ ಇಲ್ಲ. "ನಮ್ಮ ಹುಡಿಗಿನ್ನ ಆ ಮನಿ ಹುಡಿಗಿ ಬಾಜೂ ನಿಲ್ಸಬ್ಯಾಡ್ರಿ ಟೀಚರ್. ನಿಲ್ಸೂದಾದ್ರ ನಮಗ ಆಟಾನ ಬ್ಯಾಡ" ಎಂದರು. ಜಿಲ್ಲೆಯ ಆಟಕ್ಕೆ ತಂಡ ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ದೂರದೂರ ನಿಲ್ಲಿಸಿದರೂ ಆಟದಲ್ಲಿ ಇಬ್ಬರೂ ಹತ್ತಿರ ಬರುವುದು ತಪ್ಪದು. ಇಬ್ಬರಲ್ಲಿ ಒಬ್ಬಳನ್ನು ಬಿಡಬೇಕು, ಇಲ್ಲವೇ ನಡುವೆ ಸಂದು ಬಿಟ್ಟುಕೊಂಡೇ ಹೋಗಿ ಸೋಲಬೇಕು. ಅಂದು ಸಂಜೆ ಆಟ ಬಿಟ್ಟ ಮೇಲೆ ಗಿಡ್ಡಿ ಒಬ್ಬಳೇ ಬಂದು, "ಟೀಚರ್, ನನ್ನ ತಗೀರಿ. ಆಕಿ ಉದ್ದ ಅದಾಳ, ಆಕಿ ಬೇಕಾಗ್ತಾಳ" ಎಂದಳು. ಹೇಳಿದ ಮೇಲೂ ಹೋಗಲಿಲ್ಲ, ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. "ಮೊದಲ ಮನಿಗೆ ಹೋಗು" ಎಂದು ಗದರಿ ಕಳಿಸಿದೆ, ಅಷ್ಟೇ ನನ್ನಿಂದಾಯಿತು.

ರವಿವಾರ ಸರ್ ಆಟಕ್ಕೆ ಮುಂಚೆಯೇ ಶೇಂಗಾ ಸುರಿದು ಖುಷಿಯಿಂದ ಹೇಳಿದರು: "ನಾ ಮೊದ್ಲಿಂದ ಹೇಳಾಕತ್ತೇನಿ. ಮ್ಯಾನ್ ಟು ಮ್ಯಾನ್ ಆಡ್ರಿ. ಹೊಲಾನೂ ಇಲ್ಲ, ಬದುವೂ ಇಲ್ಲ." ಸೋತವಳ ಹಾಗೆ ಒಪ್ಪಿದೆ. ಆಡಿಸಿ ನೋಡಿದರೆ ಕಥೆ ಇನ್ನೂ ಕೆಟ್ಟಿತು. ಉದ್ದಾಕಿ ತನ್ನ ಪಾಲಿಗೆ ಬಂದ ಹುಕ್ಕೇರಿಯ ಹುಡುಗಿಯನ್ನು ಬೆನ್ನು ಹತ್ತಿದಳು. ಆ ಹುಡುಗಿ ತನ್ನ ಜೊತೆಗಾತಿಯ ಹಿಂದೆ ನುಸುಳಿ ಮರೆಯಾದಳು. ಅಂಥ ಹೊತ್ತಿನಲ್ಲಿ "ನೀ ಇಕಿನ್ನ ಹಿಡಿ, ನಾ ಆಕಿನ್ನ ಹಿಡೀತೇನಿ" ಎಂದು ಕೂಗಿ ಅದಲುಬದಲಾಗಬೇಕು. ಕೂಗಬೇಕಾದವಳು ಗಿಡ್ಡಿ. ಅವಳು ತುಟಿ ಬಿಗಿಹಿಡಿದಳು. ಇಬ್ಬರೂ ಒಬ್ಬಳ ಮೇಲೆಯೇ ನುಗ್ಗಿ ಹಣೆಗೆ ಹಣೆ ಹೊಡೆದುಕೊಂಡು ಕೂತರು.

ಆ ದಿನ ಆಟ ಮುಗಿಸಿ ಬಂದು ಕೂತಾಗ ಸರ್ ಪುಟಾಣಿ ತಿನ್ನಲಿಲ್ಲ. ಬಹಳ ಹೊತ್ತು ಎರಡು ಪುಟಾಣಿಗಳನ್ನು ಬೆರಳಿನಿಂದ ಹತ್ತಿರ ತರುತ್ತ, ದೂರ ಸರಿಸುತ್ತ ಕೂತರು. "ನಾವಿಬ್ರೂ ಸುಮ್ಮಸುಮ್ಕ ಜಗಳಾಡಿದ್ವಿ ನೋಡ್ರಿ. ಝೋನಾದ್ರೂ ಅಷ್ಟ, ಮ್ಯಾನ್ ಟು ಮ್ಯಾನಾದ್ರೂ ಅಷ್ಟ. ಬಾಯಿ ಇಲ್ದ ಬುಟ್ಟಿ ಕಾಯಾಕ ಆಗೂದಿಲ್ಲ" ಎಂದರು. ಇಷ್ಟು ದಿನದ ವಾದದಲ್ಲಿ ಅವರು ಒಂದು ಹೆಜ್ಜೆ ಹಿಂದೆ ಸರಿದದ್ದು ಅದೇ ಮೊದಲು. ಗೆದ್ದ ಸಂತೋಷ ಮಾತ್ರ ನನಗಾಗಲಿಲ್ಲ.

ಆಮೇಲೆ ಅವರು ತಮ್ಮ ಮನೆಯ ಮಾತು ತೆಗೆದರು. "ನಮ್ಮವ್ವಾ, ನಮ್ಮ ಕಾಕಾನ ಹೆಣ್ತಿ ಕಾಕೂ ಮಾತು ಬಿಟ್ಟಿದ್ರು. ಖರೆ ಅಂಗಳ ಒಂದ. ನಮ್ಮವ್ವ ಎಮ್ಮಿ ಮುಂದ ನಿಂತು, 'ಏ ಎಮ್ಮೀ, ನಳಾ ಬಂದೈತಿ, ಮಂದಿ ಕೊಡಾ ತರ್ತಾರೋ ಇಲ್ಲೋ' ಅನ್ನಾಕಿ. ಕಾಕು ಕೊಡಾ ತಗೊಂಡು ಬರಾಕಿ. ಒಂದಿನಾನೂ ಮಾತಾಡಿಲ್ಲ ಅವ್ರು. ಒಂದಿನಾನೂ ನೀರು ತಪ್ಪಿಲ್ಲ."

ನಮ್ಮ ಓಣಿಯಲ್ಲಿಯೂ ಇಂಥದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಗೋಡೆಗೆ ಹೇಳುವವರು, ಕಸಬರಿಗೆಗೆ ಬೈಯುವವರು.

"ಒಬ್ರಿಗೊಬ್ರು ಮಾತಾಡ್ರಿ ಅನ್ನಬ್ಯಾಡ್ರಿ" ಎಂದರು ಸರ್. "ಚೆಂಡಿಗಿ ಹೇಳ್ರಿ ಅನ್ರಿ. ಕೇಳಾಕಿ ಕೇಳ್ತಾಳ."

ಸೋಮವಾರ ಮತ್ತೆ ಝೋನಿಗೇ ಮರಳಿ ಇಬ್ಬರಿಗೂ ಅದನ್ನೇ ಹೇಳಿದೆ. ನಡುವಿನ ಬದುವಿಗೆ ಚೆಂಡು ಬಂದಾಗ ಯಾರು ಅಲ್ಲಿಗೆ ಕಾಲಿಡುತ್ತೀರೋ ಅವರು ಚೆಂಡಿಗೆ ಹೇಳಿ ಕಾಲಿಡಿ. ಇನ್ನೊಬ್ಬಳು ಹಿಂದೆ ಬಂದು ಬುಟ್ಟಿ ಕಾಯಲಿ. ಇಬ್ಬರೂ ತಲೆಯಾಡಿಸಿದರು. ವಾರವಿಡೀ ಯಾರ ಬಾಯಿಯೂ ತೆರೆಯಲಿಲ್ಲ. ಆಗ ನನಗೆ ಹೊಳೆಯಿತು, ಅಲ್ಲಿ ಹೇಳಬೇಕಾದ ಮಾತು "ಬದು ನಂದು" ಎಂದಾಗುತ್ತಿತ್ತು, ಆ ಮಾತಿನಿಂದಲೇ ಎರಡು ಮನೆಗಳು ಮುರಿದಿದ್ದವು. ಹೊಲ ಎಂದು ಕಲಿಸಿದ ನನ್ನ ಜಾಣತನವನ್ನು ನಾನೇ ಶಪಿಸಿಕೊಂಡೆ.

ಜಿಲ್ಲೆಯ ಆಟಕ್ಕೆ ಮುಂಚಿನ ಕೊನೆಯ ರವಿವಾರ. ಮರುದಿನ ತಂಡದ ಹುಡುಗಿಯರು ಯಾರೆಂದು ಹೇಳಬೇಕಿತ್ತು. ಬಸ್ಸಿನಲ್ಲಿ ಉದ್ದಾಕಿ ಮುಂದಿನ ಸೀಟಿನಲ್ಲಿ, ಗಿಡ್ಡಿ ಕೊನೆಯ ಸೀಟಿನಲ್ಲಿ. ಮಂಜು ಅಂದು ದಟ್ಟವಾಗಿತ್ತು, ಹೊಲ ಯಾವುದು ಬದು ಯಾವುದು ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಒಂದೇ ಬೆಳ್ಳನೆಯ ಬಯಲಾಗಿ ಕಿಟಕಿಯ ಆಚೆ ತೇಲುತ್ತಿತ್ತು. ಹೀಗೇ ಇರಬಾರದೆ, ಈ ಬಸ್ಸು ಗೋಕಾಕ ಮುಟ್ಟದೆ ಹೀಗೇ ಹೋಗುತ್ತಿರಬಾರದೆ ಎಂದು ಆಸೆಪಟ್ಟೆ. ನನಗೆ ಆ ಇಬ್ಬರಲ್ಲಿ ಯಾರನ್ನೂ ಬಿಡುವ ಮನಸ್ಸಿರಲಿಲ್ಲ.

ಮೈದಾನದ ಗೋಡೆಯ ಬಳಿ ಬೈಕು ನಿಂತಿತ್ತು. ಉದ್ದಾಕಿಯ ತಂದೆ ಕೈಕಟ್ಟಿ ನಿಂತಿದ್ದರು, ತಮ್ಮ ಮಾತು ನಡೆಯಿತೋ ಇಲ್ಲವೋ ನೋಡಲು ಬಂದವರ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಝೋನನ್ನೇ ಹಾಕಿದೆ. ಅವರ ಕಣ್ಣೆದುರಿಗೇ ಇಬ್ಬರನ್ನೂ ಬಾಜೂಬಾಜೂ ನಿಲ್ಲಿಸಿದೆ.

ಅವರು ಬಂದು ಮಗಳನ್ನು ಕರೆದೊಯ್ಯುತ್ತಾರೆಂದುಕೊಂಡೆ. ಬರಲಿಲ್ಲ, ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತರು. ಆಟ ಸಾಗಿತು. ಸಂದಿನಿಂದ ಚೆಂಡು ನಮ್ಮ ಬುಟ್ಟಿಗೆ ಬೀಳುತ್ತಲೇ ಇತ್ತು. ಬಿಸಿಲು ಮಂಜಿನಲ್ಲಿ ಕರಗಿ ಮೈದಾನವೆಲ್ಲ ಹಳದಿಯಾಗಿತ್ತು, ಹುಡುಗಿಯರು ಆ ಬೆಳಕಿನೊಳಗೆ ನಿಧಾನವಾಗಿ ಈಜುತ್ತಿರುವಂತೆ ಕಂಡರು. ಹುಕ್ಕೇರಿಯ ಹುಡುಗಿ ಮತ್ತೆ ಚೆಂಡು ಹಿಡಿದು ಅದೇ ಸಂದಿಗೆ ತಿರುಗಿದಳು. ಉದ್ದಾಕಿ ಅಂಚಿನಲ್ಲಿ ನಿಂತಳು. ಗಿಡ್ಡಿ ಅಂಚಿನಲ್ಲಿ ನಿಂತಳು.

"ಬದು ನಂದ!"

ಗಿಡ್ಡಿ ಕೂಗಿದ್ದಳು. ಚೆಂಡಿಗೆ ಕೂಗಿದಳೋ, ಮಣ್ಣಿಗೆ ಕೂಗಿದಳೋ, ಮೈದಾನವೆಲ್ಲ ಕೇಳಿಸಿತು. ಕೂಗಿದವಳೇ ಹೆದರಿ ಬಿಳಿಚಿಕೊಂಡಿದ್ದಳು, ಆದರೆ ಕಾಲು ಸಂದಿನ ನಡುವೆ ಇಟ್ಟಾಗಿತ್ತು. ನಾನು ಗೋಡೆಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ನಿಂದ ತಗೋ!" ಉದ್ದಾಕಿಯ ದನಿ. "ಹಿಂದ ನಾ ಅದೇನಿ!"

ಚೆಂಡು ಗಿಡ್ಡಿಯ ಕೈಗೆ ಬಡಿದು ಮೇಲಕ್ಕೆ ಹಾರಿತು, ಉದ್ದಾಕಿ ಹಿಂದಿನಿಂದ ಎರಡೂ ಕೈಯಲ್ಲಿ ಅದನ್ನು ಹಿಡಿದಳು. ಸರ್ ತಮ್ಮ ತಂಡ ಚೆಂಡು ಕಳೆದುಕೊಂಡದ್ದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಆ ಆಟ ನಾವು ಸೋತೆವು. ನನಗೆ ಅಳು ಬಂದದ್ದು ಸೋಲಿಗಲ್ಲ.

ಮುಗಿದ ಮೇಲೆ ತಂದೆ ನನ್ನ ಹತ್ತಿರ ಬಂದರು. ಸಿಟ್ಟೋ ನಗುವೋ ಆ ಮುಖದಿಂದ ತಿಳಿಯಲಿಲ್ಲ.

"ಮನ್ಯಾಗ ಒಂದ್ ಮಾತ ಕೇಳ್ಲಿಲ್ಲ. ಬದು ಕೊಟ್ಟಬಿಟ್ಲಲ್ರಿ ಟೀಚರ್."

"ಕೊಟ್ಲು" ಎಂದೆ. "ಹೊಲಾ ಏನ್ ಸಣ್ಣದ ಆತೇನ್ರಿ?"

ಅತ್ತ ನೆರಳಿನಲ್ಲಿ ಹುಡುಗಿಯರು ಬುತ್ತಿ ಬಿಚ್ಚಿದ್ದರು. ಗಿಡ್ಡಿ ತನ್ನ ರೊಟ್ಟಿಯ ಗಂಟಿಗೆ ಏನೋ ಹೇಳುತ್ತಿದ್ದಳು. ಉದ್ದಾಕಿ ಕೈ ಚಾಚಿ ಅದರಿಂದ ಒಂದು ರೊಟ್ಟಿ ತೆಗೆದುಕೊಂಡಳು. ತಂದೆ ಅದನ್ನು ನೋಡಿದರು. ಆಮೇಲೆ ಬೈಕಿನ ಕೀಲಿಗಾಗಿ ಜೇಬು ತಡಕುತ್ತ ಕೇಳಿದರು:

"ಜಿಲ್ಲಾದ ಆಟ ಎಂದ ಐತ್ರಿ? ಇಬ್ರನ್ನೂ ನಾನ ಬಸ್ಸಿಗಿ ಬಿಡ್ತೇನಿ."