ಮಂಗಳಕ್ಕೋಸ್ಕರ ಹೇಳಿದ ಸುಳ್ಳು

ಗುಬ್ಬಿಯಲ್ಲಿ ಎಣ್ಣೆ ಮಿಲ್ಲಿನ ಯಜಮಾನರೊಬ್ಬರ ಮಹಡಿ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಕಾವ್ಯ ಓದೋ ರೂಢಿ ಇತ್ತು. ಒಬ್ಬರು ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಅಲ್ಲಿ ಕಟ್ಟುನಿಟ್ಟು ಅಂತ ಇದ್ದದ್ದು ಒಂದೇ: ಸಾವಿನ ಮೇಲೆ ಪುಸ್ತಕ ಮುಚ್ಚಬಾರದು. ಯುದ್ಧ ಇದ್ದರೆ ಅದು ಮುಗಿದು ಪಟ್ಟಾಭಿಷೇಕ ಆಗೋ ತನಕ ಓದಬೇಕು. ಆಮೇಲೆ ಮಂಗಳ, ಆರತಿ, ಪಾನಕ, ಕೋಸಂಬರಿ. ಹಾಗಲ್ಲದೆ ಎದ್ದರೆ ಕೇಳಿದವರ ಮನೆಗೆ ಕೇಡು ಅಂತ ಯಜಮಾನರು ನಂಬಿದ್ದರು. ನಾನು ನಂಬುತ್ತಿರಲಿಲ್ಲ. ಆದರೂ ಆ ನಿಯಮಕ್ಕೆ ತಲೆಬಾಗಿ ಅನಾಹುತ ಮಾಡಿದವನು ನಾನೇ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ರಿಟೈರ್ ಆಗಿ ಗುಬ್ಬಿಗೆ ಹತ್ತಿರದ ಬಟವಾಡಿಯಲ್ಲಿ ಬಾಡಿಗೆ ಮನೆಯಲ್ಲಿದೀನಿ. ಕನ್ನಡದ ಕಾವ್ಯಗಳೆಲ್ಲ ಒಂದು ಸುತ್ತು ಮುಗಿದಾಗ ನನಗೆ ಜಂಬ ಬಂತು. "ಈ ಸಲ ನಾನು ಹೇಳ್ತೀನಿ, ನೀವ್ಯಾರೂ ಕೇಳಿರದ್ದು" ಅಂತ ಎರಡು ಸಾವಿರ ವರ್ಷದ ಹಿಂದಿನ ಒಂದು ಲ್ಯಾಟಿನ್ ಮಹಾಕಾವ್ಯ ಎತ್ತಿಕೊಂಡೆ. ನನಗೇನು ಲ್ಯಾಟಿನ್ ಬರುತ್ತಾ, ಮಣ್ಣು! ಇಂಗ್ಲಿಷ್ ಅನುವಾದವನ್ನ ತೊಡೆ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳ್ತಾ ಹೋದೆ. ಓದೋದೂ ನಾನೇ, ಅರ್ಥ ಹೇಳೋದೂ ನಾನೇ. ತಪ್ಪಿದರೆ ತಿದ್ದೋರು ಯಾರೂ ಇರಲಿಲ್ಲ.

ಜನ ಕೇಳಿದರು ನೋಡಿ, ನಾನೇ ಬೆರಗಾದೆ. ಊರು ಹೊತ್ತಿ ಉರೀವಾಗ ನಾಯಕ ಮುದಿ ಅಪ್ಪನ್ನ ಹೆಗಲ ಮೇಲೆ ಹೊತ್ತುಕೊಂಡು, ಪುಟ್ಟ ಮಗನ ಕೈ ಹಿಡಿದುಕೊಂಡು ಹೊರಡ್ತಾನೆ ಅಂದಾಗ ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೆಂಡತಿಗೆ ಹಿಂದೆ ಬಾ ಅಂದಿದ್ದ, ತಿರುಗಿ ನೋಡಿದರೆ ಅವಳಿಲ್ಲ ಅಂದಾಗ ಯಜಮಾನರ ಹೆಂಡತಿ, "ಅಯ್ಯೋ ಅವನ ಮುಖಕ್ಕಿಷ್ಟು! ಅಪ್ಪನಿಗೆ ಹೆಗಲಂತೆ, ಮಗನಿಗೆ ಕೈಯಂತೆ, ಕಟ್ಕೊಂಡವಳಿಗೆ ಬೆನ್ನಾ?" ಅಂದರು. ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರೋ ಟೈಲರ್ ಸಾಹೇಬರು ಒಂದು ವಾರವೂ ತಪ್ಪಿಸಿದವರಲ್ಲ. ನಾಯಕ ತನ್ನನ್ನ ನಂಬಿದ ರಾಣಿಯನ್ನ ಬಿಟ್ಟು ಹಡಗು ಹತ್ತಿದ ದಿನ ಅವರು, "ದೇವರ ಹುಕುಂ ಅಂತ ಹೇಳ್ಬುಟ್ರೆ ಆಯ್ತಾ ಮೇಷ್ಟ್ರೇ? ಎಲ್ಲಾ ಗಂಡಸರೂ ಹಂಗೇ ಹೇಳೋದು" ಅಂದರು. ಅವತ್ತು ಎಲ್ಲರೂ ನಕ್ಕೆವು.

ನಗದೇ ಇದ್ದವಳು ಒಬ್ಬಳೇ. ಕುಣಿಗಲ್ ಕಡೆಯ ಹೆಣ್ಣುಮಗಳು, ಗುಬ್ಬಿಯ ಒಂದು ಶಾಲೆಯಲ್ಲಿ ಟೀಚರ್. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು, ಶನಿವಾರ ಬೆಳಗಿನ ಕ್ಲಾಸ್ ಮುಗಿಸಿ, ನಮ್ಮ ಓದು ಕೇಳಿಕೊಂಡು ಊರಿಗೆ ಬಸ್ ಹತ್ತುತ್ತಿದ್ದಳು. ಅವಳ ತಮ್ಮನನ್ನ ಪಕ್ಕದ ಹೊಲದ ಹುಡುಗ ಬೋರ್‌ವೆಲ್ ಜಗಳದಲ್ಲಿ ಕೊಂದಿದ್ದ. ಅವಳೇ ಕಣ್ಣಾರೆ ಕಂಡಿದ್ದಳು. ಅವಳನ್ನ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಇದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಅದನ್ನ ಮರೆಮಾಚಲ್ಲ.

ಕಡೇ ಶನಿವಾರ ಬಂತು. "ಇವತ್ತು ಮುಗಿಯುತ್ತಾ ಮೇಷ್ಟ್ರೇ? ಬರೋ ವಾರ ನಂಗೆ ಕೋರ್ಟಿದೆ" ಅಂತ ಅವಳು ಕೇಳಿದಳು. ಮುಗಿಸೇ ಏಳೋದು ಅಂದೆ.

ಕಾವ್ಯದ ಕೊನೆ ಹೀಗಿದೆ. ವೈರಿ ಸೋತು ಮಂಡಿಯೂರಿದಾನೆ. "ನನ್ನ ಮುದಿ ಅಪ್ಪನ ಮುಖ ನೋಡಿ ಬಿಡು" ಅಂತ ಕೈ ಚಾಚಿ ಬೇಡ್ತಾನೆ. ನಾಯಕನ ಕೈ ತಡೆಯುತ್ತೆ, ಮನಸ್ಸು ಕರಗ್ತಾ ಬರುತ್ತೆ. ಅಷ್ಟರಲ್ಲಿ ಆ ವೈರಿಯ ಹೆಗಲ ಮೇಲೆ ಕತ್ತಿ ನೇತುಹಾಕೋ ಒಂದು ತೊಗಲು ಪಟ್ಟಿ ಕಾಣಿಸುತ್ತೆ. ನಾಯಕ ತಮ್ಮನ ಹಾಗೆ ನೋಡಿಕೊಂಡಿದ್ದ ಹುಡುಗನದು ಅದು. ಆ ಹುಡುಗನನ್ನ ಕೊಂದು ಕಿತ್ತುಕೊಂಡಿದ್ದು. ಅದನ್ನ ನೋಡಿದ್ದೇ ತಡ, ಕತ್ತಿಯನ್ನ ಎದೆಗೆ ಇಳಿಸ್ತಾನೆ. ಮುಗೀತು. ಆಮೇಲೆ ಪಟ್ಟಾಭಿಷೇಕ ಇಲ್ಲ, ಮದುವೆ ಇಲ್ಲ, ಒಂದು ಸಾಲೂ ಇಲ್ಲ.

ನಾನು "ಕೈ ತಡೆಯಿತು" ಅನ್ನೋ ತನಕ ಬಂದು ತಲೆ ಎತ್ತಿದೆ. ಯಜಮಾನರು ಆಗಲೇ ಆರತಿ ತಟ್ಟೆಗೆ ಕರ್ಪೂರ ಇಟ್ಟುಕೊಂಡು ಕೂತಿದ್ದರು. ಪಾನಕದ ಪಾತ್ರೆ ಬಂದಿತ್ತು. ಈ ಕಾವ್ಯ ಕೊಲೇಲೇ ಮುಗಿಯುತ್ತೆ ಅಂತ ಮೊದಲೇ ಹೇಳಿದ್ದರೆ ಅವರು ಓದೋಕೇ ಬಿಡುತ್ತಿರಲಿಲ್ಲ, ಅದಕ್ಕೇ ನಾನು ಬಾಯಿ ಬಿಟ್ಟಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಒಂದು ಸುಳ್ಳಿಗೆ ಯಾರ ಗಂಟು ಹೋಗುತ್ತೆ ಅಂದುಕೊಂಡೆ. "ಕತ್ತಿ ಕೆಳಗಿಟ್ಟ. ಬಿದ್ದವನನ್ನ ಎಬ್ಬಿಸಿ, ಹೋಗು, ನಿನ್ನಪ್ಪನ ಹತ್ತಿರ ಹೋಗು ಅಂದ" ಅಂತ ಹೇಳಿ ಪುಸ್ತಕ ಮುಚ್ಚಿದೆ.

ಆರತಿ ಆಯಿತು. ಟೀಚರ್ ಎರಡೂ ಕೈ ಮುಗಿದುಕೊಂಡು ಅಳುತ್ತಿದ್ದಳು. ನಾನು ಚೆನ್ನಾಗಿ ಹೇಳಿದೆ ಅಂತ ಅಳ್ತಿದಾಳೆ ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಥೂ, ನನ್ನ ಜನ್ಮಕ್ಕೆ!

ಕೋರ್ಟಿನಲ್ಲಿ ಅವಳು "ನಾನು ನೋಡಿಲ್ಲ" ಅಂದುಬಿಟ್ಟಳಂತೆ. ಕೇಸು ಬಿದ್ದುಹೋಯಿತು. ಅವಳು ಓದಿಗೆ ಬರೋದು ನಿಂತಿತು. ಟೈಲರ್ ಸಾಹೇಬರು ನನಗೆ ಸುದ್ದಿ ಹೇಳಿ, "ಯಾಕೋ ಏನೋ ಪಾಪ" ಅಂದರು. ನನಗೆ ಯಾಕೆ ಅಂತ ಹೊಳೆಯಿತು. ಹೊಳೆದರೂ ಸುಮ್ಮನಿದ್ದೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಬೆಳಗ್ಗೆ ಅವಳೇ ಬಟವಾಡಿ ಮನೆಗೆ ಬಂದಳು. ಅರ್ಧ ಇಳಿದು ಹೋಗಿದ್ದಳು. ಕೋರ್ಟಿಗೆ ಮುಂಚೆ, ತಮ್ಮನನ್ನ ಕೊಂದ ಆ ಹುಡುಗ ಜಾಮೀನಿನ ಮೇಲೆ ಹೊರಗಿದ್ದಾಗ ತನ್ನ ಮುದಿ ಅಪ್ಪನ್ನ ಕರ್ಕೊಂಡು ಬಂದು ಇವಳ ಕಾಲಿಗೆ ಬಿದ್ದಿದ್ದನಂತೆ. "ಬಿಡಬೇಕೋ ಬಿಡಬಾರದೋ ಅಂತ ಒದ್ದಾಡ್ತಿದ್ದೆ ಮೇಷ್ಟ್ರೇ. ನಿಮ್ಮ ಕಥೆ ಕೇಳಿ ಬಿಟ್ಟೆ" ಅಂದಳು. ಅವತ್ತಿಂದ ಅವಳ ತಾಯಿ ಮಗಳ ಕೈಯ ನೀರೂ ಕುಡಿದಿಲ್ಲ. ಅದೇ ಮನೆಯೊಳಗೆ ಬೇರೆ ಒಲೆ ಹೂಡಿಕೊಂಡು ಗಂಜಿ ಕಾಯಿಸಿಕೊಳ್ತಾರೆ. ಬೇಯಿಸಿಕೊಳ್ಳೋಕೆ ಆಗದ ದಿನ ಉಪವಾಸ.

"ದೊಡ್ಡ ಕಾವ್ಯದಲ್ಲೇ ಬಿಟ್ಟಿದಾನಮ್ಮ ಅಂತ ಎಷ್ಟು ಹೇಳಿದ್ರೂ ನಂಬ್ತಿಲ್ಲ. ನೀವು ಓದಿದೋರು, ದೊಡ್ಡೋರು. ಒಂದು ಸಲ ಬಂದು ಹೇಳಿ ಮೇಷ್ಟ್ರೇ. ನಿಮ್ಮ ಬಾಯಿಂದ ಬಂದ್ರೆ ಅಮ್ಮ ನಂಬ್ತಾಳೆ."

ಅವಳ ಜೊತೆ ಕುಣಿಗಲ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಪಕ್ಕದಲ್ಲೇ ಕೂತಿದ್ದಳು. ಹೇಳೋಕೆ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ. ಅದೇ ಸುಳ್ಳನ್ನ ಇನ್ನೊಂದು ಸಲ ಹೇಳಿ ವಾಪಸ್ ಬಂದುಬಿಡೋದು ಅಂತಲೇ ಲೆಕ್ಕ ಹಾಕಿಕೊಂಡಿದ್ದೆ.

ಆ ತಾಯಿ ಹಿತ್ತಿಲ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನನ್ನನ್ನ ಮೇಲಿಂದ ಕೆಳಗೆ ನೋಡಿ, "ನೀವೇ ಏನಪ್ಪಾ ಕಥೆ ಹೇಳೋ ಮೇಷ್ಟ್ರು? ಅವನು ನಿಜವಾಗ್ಲೂ ಬಿಟ್ನಾ?" ಅಂದರು.

ಆ ಕಣ್ಣು ನೋಡಿ ನನಗೆ ತಡೆಯೋಕಾಗಲಿಲ್ಲ. ಇಷ್ಟು ತಿಂಗಳು ಎದೆ ಮೇಲೆ ಕೂತಿದ್ದದ್ದು ಬಾಯಿಗೆ ಬಂದೇ ಬಿಟ್ಟಿತು. "ಇಲ್ಲ ತಾಯಿ. ಬಿಡಲಿಲ್ಲ. ತಾನು ತಮ್ಮನ ಹಾಗೆ ನೋಡ್ಕೊಂಡಿದ್ದ ಯಾರದೋ ಮನೆ ಹುಡುಗನನ್ನ ಆ ವೈರಿ ಕೊಂದಿದ್ದ ಅಂತ ನೆನಪಾಗಿ ಕೊಂದ. ಮಂಗಳ ಮಾಡ್ಬೇಕಿತ್ತು ಅಂತ ನಾನು ಸುಳ್ಳು ಹೇಳಿದೆ. ನಿಮ್ಮ ಮಗಳದ್ದೇನೂ ತಪ್ಪಿಲ್ಲ, ಎಲ್ಲಾ ನಂದೇ" ಅಂದೆ.

ಕೊನೇ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ. ಮಗಳ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ? ಯಾರದೋ ಮನೆ ಹುಡುಗನಿಗೋಸ್ಕರ ಅವನು ಅಷ್ಟು ಮಾಡ್ದ. ನೀನು ಒಡಹುಟ್ಟಿದವಳು ಕಣೇ" ಅಂದರು. ಆಮೇಲೆ ಮುಖ ಗೋಡೆಗೆ ಹಾಕಿದರು.

ಅವಳು ಗೇಟಿನ ತನಕ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿಜ ಹೇಳೋದಿದ್ರೆ ನನಗೆ ಬಟವಾಡೀಲೇ ಹೇಳ್ಬಹುದಿತ್ತು ಮೇಷ್ಟ್ರೇ. ಇಲ್ಲಿಗೆ ಕರ್ಕೊಂಡು ಬರ್ತಾನೇ ಇರ್ಲಿಲ್ಲ" ಅಂದಳು. ಚಿಲಕ ಹಾಕುತ್ತಾ, "ಹೋಗ್ಲಿ ಬಿಡಿ. ನಿಮ್ಮ ಮನಸ್ಸಾದ್ರೂ ಹಗುರ ಆಯ್ತಾ?" ಅಂತ ಕೇಳಿದಳು.

ನಾನು ತಲೆ ತಗ್ಗಿಸಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದೆ. ಹಗುರ ಆಗಿತ್ತು.