ಕವಣೆ ನಿಂಗರಾಜನ ನೆಟ್ಟನೆಯ ಓವರು

ಕಿರಂಗೂರಿನ ಕೆಳಗಲ ಬೀದಿಯಲ್ಲಿ ನಿಂಗರಾಜನ ಮಾತು ಬಂದರೆ ಪುಟ್ಟಗೌರಮ್ಮ ಮೊದಲು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸುತ್ತಿದ್ದಳು. ಆಮೇಲೆ ಶುರು. "ಅವನ ಕೈ ಅವನ ಮೈಗೆ ಉಟ್ಟಿದ್ದಲ್ಲ ಕಣವ್ವ. ಜೋಳದೊಲದ ಅಟ್ಟಣೆ ಮ್ಯಾಲೆ ಉಟ್ಟಿದ್ದು. ಅದ್ನ ತಿದ್ದಕ್ಕೋದ್ರೆ ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಂಗೆ."

ಎದುರು ಮನೆಯ ಮಂಗಳಮ್ಮ ಇನ್ನೊಂದು ಗೇಣು ಮುಂದೆ ಹೋಗುತ್ತಿದ್ದಳು. "ಮಾವನ ಮುದ್ದೆ ಉಂಡ ಕೈಲೇ ಮಾವನ ಮಾನ ಎಸೆದ ಗಂಡು" ಎನ್ನುತ್ತಿದ್ದಳು.

ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ. ನಿಂಗರಾಜ ನಾಗಮಂಗಲದ ಕಡೆಯವನು. ಹೆತ್ತವರಿಬ್ಬರೂ ಹೋದ ಮೇಲೆ ಸೋದರಮಾವ ಶಿವಣ್ಣ ಅವನನ್ನು ಕರೆತಂದು ಸಾಕಿದ. ಸಾಕಿದ್ದೇನೂ ಬಿಟ್ಟಿಯಲ್ಲ. ಬಂದ ಮರುದಿನವೇ ಹುಡುಗನ ಕೈಗೆ ಕವಣೆ ಕೊಟ್ಟು ಜೋಳದ ಹೊಲದ ಅಟ್ಟಣೆ ಹತ್ತಿಸಿದ. ಏಳು ಸುಗ್ಗಿ ಅಲ್ಲಿ ಕುಳಿತು ಗಿಳಿ ಓಡಿಸಿದ ಮೇಲೆ ನಿಂಗರಾಜನ ಬಲಗೈಗೆ ಒಂದೇ ಒಂದು ವಿದ್ಯೆ ಗೊತ್ತಿತ್ತು: ಮೊಣಕೈ ಮಡಿಸು, ಛಟೀರನೆ ಬಿಡು.

ಊರಿಗೆ ಕಲರ್ ಟಿ.ವಿ. ಬಂತು, ಟಿ.ವಿ.ಯೊಳಗಿಂದ ಕ್ರಿಕೆಟ್ ಬಂತು. ನಿಂಗರಾಜ ಹದಿನೈದು ಹೆಜ್ಜೆ ಓಡಿ, ಕೊಕ್ಕರೆ ಕತ್ತು ಮಡಿಸಿದ ಹಾಗೆ ಮೊಣಕೈ ಮಡಿಸಿ ಚೆಂಡು ಬಿಟ್ಟರೆ ನೀಲಗಿರಿ ಕಡ್ಡಿಯ ವಿಕೆಟ್ಟು ಗದ್ದೆ ಬದುವಿನಲ್ಲಿ ಸಿಗುತ್ತಿತ್ತು. ಊರ ಅಂಪೈರು ಹಾಲಿನ ಡೈರಿಯಲ್ಲಿ ಹಾಲು ಅಳೆಯುವವನು. ಡೈರಿಗೆ ಶಿವಣ್ಣನೇ ಅಧ್ಯಕ್ಷ. ಹಾಗಾಗಿ ಅಧ್ಯಕ್ಷರ ಮನೆಯ ಕೈ ಡೊಂಕೋ ನೆಟ್ಟಗೋ ಎಂದು ನೋಡುವ ಕೆಟ್ಟ ಚಾಳಿ ಅವನಿಗಿರಲಿಲ್ಲ.

ಶಿವಣ್ಣನಿಗೆ ಬ್ಯಾಟಿಗೂ ಬಟ್ಟೆ ಬಡಿಯುವ ಕೋಲಿಗೂ ವ್ಯತ್ಯಾಸ ತಿಳಿಯದು. ಆದರೆ ಮೈಕಿನಲ್ಲಿ "ಕಿರಂಗೂರು ಶಿವಣ್ಣನವರ ತಂಡ" ಎಂದು ಕೂಗಿದರೆ ಮೀಸೆ ತಾನಾಗಿ ಮೇಲೇಳುತ್ತಿತ್ತು. ಅದಕ್ಕೇ ತೊಂಬತ್ತಾರರಲ್ಲಿ ಪಾಂಡವಪುರದ ಆಚೆ ಬಯಲಿನಲ್ಲಿ ನಾಲ್ಕು ತಾಲ್ಲೂಕಿನ ಪಂದ್ಯ ಏರ್ಪಟ್ಟಾಗ, ಬಹುಮಾನ ಒಂದು ಕೊಬ್ಬಿದ ಟಗರು ಎಂದು ಕೇಳಿ, ಟಗರು ಕಟ್ಟಲು ಗೂಟವನ್ನೂ ಮೊದಲೇ ನೆಡಿಸಿ ಹೊರಟ.

ಅಲ್ಲಿ ಅಂಪೈರಾಗಿ ನಿಂತಿದ್ದವನು ಬೂಕನಕೆರೆಯ ಪೋಸ್ಟ್‌ಮ್ಯಾನ್ ಚಿಕ್ಕಸ್ವಾಮಿ. ದನದ ಆಸ್ಪತ್ರೆಯ ಕಾಂಪೌಂಡರನಿಂದ ಬಿಳಿ ಕೋಟು ಎರವಲು ತಂದು ತೊಟ್ಟಿದ್ದ. ನಿಂಗರಾಜ ಮೊದಲ ಚೆಂಡು ಹಾಕಿದ. ಚಿಕ್ಕಸ್ವಾಮಿ ಒಂದು ಕೈ ಅಡ್ಡ ಚಾಚಿ "ನೋ ಬಾಲ್" ಎಂದ. ಎರಡನೆಯದಕ್ಕೂ ಚಾಚಿದ. ಮೂರನೆಯದಕ್ಕೂ ಚಾಚಿದ. ಒಂಬತ್ತು ಚೆಂಡಾದರೂ ಓವರಿನ ಲೆಕ್ಕ ಒಂದಕ್ಕೂ ಬರಲಿಲ್ಲ.

"ಯಾಕ್ಸಾಮಿ, ಕೈ ನೋವಾ?" ಎಂದು ನಿಂಗರಾಜ ಕೇಳಿದ.

"ನಂದಲ್ಲಪ್ಪ, ನಿಂದು. ಮೊಣಕೈ ಮಡಿಸಿ ಎಸುದ್ರೆ ಬಾಲು ಲೆಕ್ಕಕ್ಕಿಲ್ಲ. ನೀನು ಬೌಲಿಂಗ್ ಮಾಡ್ತಿಲ್ಲ, ಗಿಳಿ ಓಡುಸ್ತಾ ಇದೀಯೆ. ಓಗಿ ಆ ಮೂಲೇಲಿ ಫೀಲ್ಡಿಂಗ್ ಮಾಡು."

ಟಗರು ಎದುರಾಳಿ ಸಂತೆಬಾಚಹಳ್ಳಿಯವರ ಪಾಲಾಯಿತು. ಸೋತದ್ದನ್ನು ಶಿವಣ್ಣ ಹೇಗೋ ನುಂಗಿಕೊಂಡಿದ್ದನೇನೋ. ಆದರೆ ಮುಂದಿನ ವಾರ ಎತ್ತು ಕೊಳ್ಳಲು ಸಂತೆಬಾಚಹಳ್ಳಿ ಸಂತೆಗೆ ಹೋದಾಗ ಈರುಳ್ಳಿ ಮಾರುವವಳು ಅವನನ್ನು ಕಂಡು ಒಂದು ಕೈ ಅಡ್ಡ ಚಾಚಿದಳು. ಟೀ ಅಂಗಡಿಯವನು ಗ್ಲಾಸು ಹಿಡಿದ ಕೈಯನ್ನೇ ಚಾಚಿದ. ದನದ ದಲ್ಲಾಳಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳಬೇಕಾದವನು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಪೂರಾ ಕೈ ಚಾಚಿ, "ಕಿರಂಗೂರು ಗೌಡ್ರಿಗೆ ಈ ರೇಟು" ಎಂದ. ಶಿವಣ್ಣ ಎತ್ತಿಲ್ಲದೆ ವಾಪಸು ಬಂದ.

ಬಂದವನೇ ಜಗಲಿಯ ಮೇಲೆ ಕುಳಿತು ಬೀದಿಗೆಲ್ಲ ಕೇಳುವಂತೆ ಹೇಳಿದ. "ಲೇ ನಿಂಗ, ಇಲ್ ಕೇಳ್ಲಾ. ಬರೋ ವರ್ಸ ಅದೇ ಅಂಪೈರ್ ಮುಂದೆ ಒಂದೇ ಒಂದು ಓವರು, ಅವನು ಕೈ ಚಾಚ್ದಂಗೆ ಹಾಕು. ಹಾಕಿದ್ರೆ ಚೈತ್ರನ್ನ ನಿನಗೇ ಕೊಟ್ಟು ಮದ್ವೆ ಮಾಡ್ತೀನಿ, ಈ ಮನೇಲೇ ಇರು. ಇಲ್ದಿದ್ರೆ ನಿನ್ ಬಟ್ಟೆ ಗಂಟು ಬೀದೀಲಿ."

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಶಿವಣ್ಣನ ಮಗಳು ಚೈತ್ರ ತಲೆ ಎತ್ತದೆ ಕೇಳಿದಳು. "ನಾನೇನ್ ಟಗರಾ, ಗೆದ್ದೋರ್ಗೆ ಕೊಡಕೆ?"

"ಸುಮ್ನಿರವ್ವ" ಎಂದಳು ತಾಯಿ ದ್ಯಾವಮ್ಮ. "ಟಗರಾದ್ರೆ ಉಲ್ಲಾಕಿ ನೋಡ್ಕತಾರೆ."

ಸೋದರಮಾವನ ಮಗಳನ್ನು ತನಗೇ ಕೊಡುತ್ತಾರೆ ಎಂಬುದು ನಿಂಗರಾಜನಿಗೆ ಚಿಕ್ಕಂದಿನಿಂದ ಸೂರ್ಯ ಹುಟ್ಟುವಷ್ಟೇ ಖಾತ್ರಿಯಾಗಿತ್ತು. ಅದು ಮೊಣಕೈಯ ಮೇಲೆ ನಿಂತಿದೆ ಎಂದು ಗೊತ್ತಾದದ್ದು ಆ ಹೊತ್ತು.

ಪಾಂಡವಪುರದಲ್ಲಿ ಮಂಚಯ್ಯ ಎಂಬ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು. ತಂದೆಯಿಂದ ಬಂದ ಮೂಳೆ ಕಟ್ಟುವ ವಿದ್ಯೆಯೂ ಅವರಿಗಿತ್ತು. ಕ್ರಿಕೆಟ್ ಚೆಂಡನ್ನು ಅವರು ಮುಟ್ಟಿದ್ದು ಅದು ತಮ್ಮ ಹಿತ್ತಲಿಗೆ ಬಿದ್ದಾಗ ಮಾತ್ರ. ಆದರೆ ಡ್ರಿಲ್ಲೂ ಗೊತ್ತು, ಮೂಳೆಯೂ ಗೊತ್ತು. ಬೌಲಿಂಗ್ ಎಂದರೆ ಇವೆರಡರ ಮಧ್ಯೆ ಎಲ್ಲೋ ಇರಬೇಕು ಎಂದು ಶಿವಣ್ಣ ತೀರ್ಮಾನಿಸಿ ಅವರನ್ನೇ ಕೋಚಾಗಿ ಮನೆಗೆ ಕರೆತಂದ.

ಮಂಚಯ್ಯ ನಿಂಗರಾಜನ ಮೊಣಕೈಯನ್ನು ಬದನೆಕಾಯಿ ಆರಿಸುವವರ ಹಾಗೆ ಒತ್ತಿ ನೋಡಿದರು.

"ಮುರಿದಿಲ್ಲ" ಎಂದರು, ಸ್ವಲ್ಪ ಬೇಜಾರಿನಿಂದ. "ಮುರಿದಿದ್ರೆ ಸಲೀಸಾಗಿತ್ತು. ಇದು ಅಭ್ಯಾಸ ಬಿದ್ದಿರೋ ಡೊಂಕು. ಇಪ್ಪತ್ತೊಂದು ದಿನ ಕಟ್ಟಾಕನ."

ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಕಲಸಿ ಬಳಿದರು. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ನಾಲ್ಕು ಬಿದಿರಿನ ದಬ್ಬೆ. ಹೆಗಲಿನಿಂದ ಮಣಿಕಟ್ಟಿನವರೆಗೆ ಕೈ ನೊಗದ ಮರದಂತಾಯಿತು. ಇಡೀ ಜಿಲ್ಲೆಯಲ್ಲಿ ಮುರಿಯದ ಕೈಗೆ ದಬ್ಬೆ ಕಟ್ಟಿಸಿಕೊಂಡವನು ಇವನೊಬ್ಬನೇ.

ಅದರಿಂದಾದ ಮೊದಲ ತೊಂದರೆ ಮುದ್ದೆಯದು. ಬಲಗೈ ಬಾಯಿಗೆ ಬಾಗದು. ಎಡಗೈಯಲ್ಲಿ ಉಣ್ಣಲು ದ್ಯಾವಮ್ಮ ಬಿಡಳು, ಅನ್ನದೇವರಿಗೆ ಅವಮಾನ. ಎರಡು ದಿನ ಅವಳೇ ತಿನ್ನಿಸಿದಳು. ಮೂರನೆಯ ದಿನ ಹಸು ಕರೆಯುವ ಹೊತ್ತಾಯಿತೆಂದು ತಟ್ಟೆಯನ್ನು ಚೈತ್ರಳ ಕೈಗೆ ಕೊಟ್ಟಳು. ಚೈತ್ರ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಇಪ್ಪತ್ತಾರು ವರ್ಷದ ಗಂಡಸಿನ ಬಾಯಿಗೆ ಇಟ್ಟಳು.

"ಬಾಯ್ ದೊಡ್ಡದಾಗ್ ತಗಿ ಬಾವ. ಅಗೀಬೇಡ, ನುಂಗು. ಎಲ್ಲಾರೂ ಬೌಲಿಂಗ್ ಕಲ್ತು ಊಟ ಸಂಪಾದುಸ್ತಾರೆ. ನೀನು ಊಟಾನೇ ಮರ್ತು ಬೌಲಿಂಗ್ ಕಲೀತಾ ಇದೀಯೆ."

ನಿಂಗರಾಜನ ಬಾಯಿ ತುಂಬಿತ್ತು. ಬಾಯಿ ಖಾಲಿ ಇದ್ದಾಗಲೂ ಅವನಿಗೆ ಉತ್ತರ ಹೊಳೆಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇಪ್ಪತ್ತೊಂದನೆಯ ದಿನ ದಬ್ಬೆ ಬಿಚ್ಚಿದರು. ಕೈ ನೆಟ್ಟಗೆ ನಿಂತಿತು. ಮುಖ ತೊಳೆಯಲೂ ಬಾಗಲೊಲ್ಲದು. ಮಂಚಯ್ಯ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ, ಬಾಗಬೇಕಾದಷ್ಟು ಬಾಗಿಸಿ, ಕಣದಲ್ಲಿ ಅಭ್ಯಾಸ ಶುರು ಮಾಡಿಸಿದರು. ಸಗಣಿ ಸಾರಿಸಿ ರೋಣಗಲ್ಲು ಎಳೆದು ಗಟ್ಟಿ ಮಾಡಿದ ರಾಗಿಯ ಕಣವೇ ಪಿಚ್ಚು. ನಡುವೆ ಸುಣ್ಣದಲ್ಲಿ ರೂಪಾಯಿಯಷ್ಟಗಲದ ಬೊಟ್ಟು. ನಿಂಗರಾಜನ ಬಲಗಿವಿಗೆ ಒಂದು ಕಣಗಿಲೆ ಹೂವು ಸಿಕ್ಕಿಸಿದರು.

"ತೋಳು ಕಿವಿ ಸವರ್ಕಂಡು ಬರ್ಬೇಕು. ಊವು ಬಿದ್ರೆ ಬಾಲು, ಬೀಳ್ದಿದ್ರೆ ಕಲ್ಲು" ಎಂದರು.

ಹೂವು ಬೀಳಲು ಒಂದು ತಿಂಗಳು ಹಿಡಿಯಿತು. ಚೆಂಡು ಸುಣ್ಣದ ಬೊಟ್ಟಿಗೆ ಬೀಳಲು ಮತ್ತೊಂದು ತಿಂಗಳು. ಆದರೆ ಬೇಲಿಯಾಚೆ ಯಾರಾದರೂ ನಕ್ಕರೆ ಸಾಕು, ನಿಂಗರಾಜನ ಮೊಣಕೈ ಹಳೇ ಗೆಳೆಯನನ್ನು ಕಂಡಂತೆ ಮಡಿಸಿಕೊಳ್ಳುತ್ತಿತ್ತು.

"ಕೈ ತಿದ್ದಾಯ್ತು, ತಲೆ ತಿದ್ಬೇಕು" ಎಂದರು ಮಂಚಯ್ಯ. ತಲೆಗೆ ದಬ್ಬೆ ಕಟ್ಟುವ ಹಾಗಿಲ್ಲವಲ್ಲ. ಪುಟ್ಟಗೌರಮ್ಮನಿಗೆ ಎಲೆ ಅಡಿಕೆ ಕೊಟ್ಟು ಕಣದ ಬದಿಯಲ್ಲಿ ಕೂರಿಸಿದರು. ಕೆಲಸ ಇಷ್ಟೇ: ನಿಂಗರಾಜ ಓಡುವಾಗ ಬೈಯಬೇಕು. ಅವನು ತಿರುಗಿ ನೋಡಿದರೆ ಆ ಚೆಂಡು ಲೆಕ್ಕಕ್ಕಿಲ್ಲ.

ಜನ್ಮವಿಡೀ ಪುಕ್ಕಟೆ ಮಾಡಿಕೊಂಡು ಬಂದ ಕೆಲಸಕ್ಕೆ ಎಲೆ ಅಡಿಕೆ ಸಿಗುತ್ತದೆಂದರೆ ಯಾರು ಬಿಟ್ಟಾರು. ಪುಟ್ಟಗೌರಮ್ಮ ಸೆರಗು ಸಿಕ್ಕಿಸಿ ಕುಳಿತಳು. ಅವನ ನಡಿಗೆ, ಮೂಗು, ಚಡ್ಡಿ, ನಾಗಮಂಗಲದ ಹುರುಳಿ, ಒಂದನ್ನೂ ಬಿಡಲಿಲ್ಲ. ಒಂದು ದಿನ, "ಅಪ್ಪ ಅವ್ವನ್ನ ನುಂಗ್ಕಂಡು ಬಂದು ಮಾವನ ಮಡಕೆಗೆ ಬಾಯಾಕ್ದೋನೆ" ಎಂದುಬಿಟ್ಟಳು. ನಿಂಗರಾಜ ಅರ್ಧ ಓಟದಲ್ಲಿ ನಿಂತ. ಚೆಂಡು ಕೈಜಾರಿ ಉರುಳಿತು. ಪುಟ್ಟಗೌರಮ್ಮನೂ ಬಾಯಿ ಮುಚ್ಚಿದಳು.

ಮಂಚಯ್ಯ ಚೆಂಡು ಎತ್ತಿ ಕೊಟ್ಟರು. "ತಾಯಿ, ಇನ್ಮ್ಯಾಕೆ ಅದೊಂದೇ ಮಾತು ಅನ್ನು, ದಿನಾ. ಬ್ಯಾರೇವೆಲ್ಲ ಇವನ್ಗೆ ತಾಕಕಿಲ್ಲ."

ದಿನವೂ ಅಂದಳು. ದಿನವೂ ಅವನು ನಿಂತ. ಇಪ್ಪತ್ತನೆಯ ದಿನವೋ ಇಪ್ಪತ್ತೆರಡನೆಯ ದಿನವೋ, ಆ ಮಾತು ಕೇಳುತ್ತಲೇ ಓಡಿ ಬಂದ. ಹೂವು ಬಿತ್ತು, ಚೆಂಡು ಬೊಟ್ಟಿನ ಮೇಲೆ ಕುಕ್ಕಿ ನೆಟ್ಟಗೆ ಹೋಯಿತು. ಆಮೇಲೆ ಅವಳು ಏನಂದರೂ ಅವನ ಕಣ್ಣು ಬೊಟ್ಟು ಬಿಟ್ಟು ಕದಲಲಿಲ್ಲ.

"ನನ್ ಬಾಯ್ಗೇ ಮರ್ವಾದೆ ಇಲ್ದಂಗಾಯ್ತು" ಎಂದು ಪುಟ್ಟಗೌರಮ್ಮ ಎದ್ದು ಹೋದಳು.

ಒಂದೇ ಕೊರತೆ. ಚೆಂಡಿನ ವೇಗ ಎಲ್ಲೋ ಕಳೆದುಹೋಗಿತ್ತು. ಹೊಸ ಕೈಯಿಂದ ಬಂದ ಚೆಂಡು, ಕಬ್ಬು ತುಂಬಿದ ಗಾಡಿಯ ಹಾಗೆ ಎಲ್ಲರಿಗೂ ದಾರಿ ಬಿಟ್ಟುಕೊಂಡು ಹೋಗುತ್ತಿತ್ತು.

"ಮೇಷ್ಟ್ರೇ, ಜೋರೇ ಇಲ್ವಲ್ಲ" ಎಂದ ನಿಂಗರಾಜ.

"ನೆಟ್ಟಗಿರೋದು ಯಾವ್ದೂ ಜೋರಾಗಿ ಓಡಕಿಲ್ಲ ಕಣಪ್ಪ" ಎಂದರು ಮಂಚಯ್ಯ.

ತೊಂಬತ್ತೇಳು. ಅದೇ ಬಯಲು, ಅದೇ ಚಿಕ್ಕಸ್ವಾಮಿ, ಅದೇ ಎರವಲು ಕೋಟು. ಎದುರಿಗೆ ಮತ್ತೆ ಸಂತೆಬಾಚಹಳ್ಳಿ. ಕೊನೆಯ ಓವರಿಗೆ ಅವರಿಗೆ ಹದಿನಾಲ್ಕು ರನ್ನು ಬೇಕು. ಬ್ಯಾಟು ಹಿಡಿದವನು ಅಶೋಕ್, ಭತ್ತದ ಮೂಟೆಯಂಥ ತೋಳಿನವನು. ಶಿವಣ್ಣ ಚೆಂಡನ್ನು ನಿಂಗರಾಜನಿಗೇ ಕೊಡಿಸಿದ. ಮಾನ ಹೋದ ಜಾಗದಲ್ಲೇ ಅದನ್ನು ಹುಡುಕಬೇಕು ಎಂಬುದು ಅವನ ಲೆಕ್ಕ. ಸಂತೆಬಾಚಹಳ್ಳಿಯ ನೂರಾರು ಕೈಗಳು ಅಡ್ಡ ಚಾಚಿಕೊಂಡವು.

ನಿಂಗರಾಜ ನೆಲದ ಮೇಲೊಂದು ಬಿರುಕು ಆರಿಸಿಕೊಂಡ. ಓಡಿದ, ತೋಳು ಕಿವಿ ಸವರಿತು, ಚೆಂಡು ಹೋಯಿತು. ಅಶೋಕ್ ಹೊಡೆಯಲೇ ಇಲ್ಲ. ಅಂಪೈರು ಕೈ ಚಾಚುತ್ತಾನೆಂದು ಕಾಯುತ್ತಿದ್ದ. ಚಿಕ್ಕಸ್ವಾಮಿ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಬಯಲಿಗೆ ಬಯಲೇ ಚಾಚಿದ ಕೈ ಇಳಿಸಿತು.

ಎರಡನೆಯದನ್ನು ಅಶೋಕ್ ಆರಾಮಾಗಿ ಕಾದು ಸಿಕ್ಸರು ಹೊಡೆದ. ಮೂರನೆಯದು ನಾಲ್ಕು. ನಾಲ್ಕನೆಯದು ಎಷ್ಟು ನಿಧಾನ ಬಂತೆಂದರೆ ಅವನು ಮೊದಲೇ ಬೀಸಿ ಗಾಳಿಗೆ ಹೊಡೆದ. ಐದನೆಯದಕ್ಕೆ ಎರಡು. ಉಳಿದದ್ದು ಒಂದು ಚೆಂಡು, ಎರಡು ರನ್ನು.

ಆಗ ಶಿವಣ್ಣ ಪಂಚೆ ಎತ್ತಿ ಕಟ್ಟಿ ಓಡಿಬಂದು ನಿಂಗರಾಜನ ಹೆಗಲ ಮೇಲೆ ಕೈ ಹಾಕಿದ. ಅಷ್ಟು ವರ್ಷದಲ್ಲಿ ಅಂಥ ಮೆತ್ತನೆಯ ದನಿ ಅವನ ಬಾಯಿಂದ ಹೊರಟಿರಲಿಲ್ಲ.

"ಮಗಾ, ಕಡೇದೊಂದು ನಿನ್ ಅಳೇದು ಹಾಕ್ಬುಡ್ಲಾ. ಕವಣೆ ಹೊಡ್ದಂಗೆ. ಐದು ನೆಟ್ಟಗಿರೋದು ನೋಡಿ ಅಂಪೈರು ನಂಬ್ಬುಟ್ಟವ್ನೆ. ಕೈ ಅಡ್ಡ ಚಾಚದೇ ಮರ್ತವ್ನೆ."

ಪುಟ್ಟಗೌರಮ್ಮನ ಕೃಪೆಯಿಂದ ನಿಂಗರಾಜ ಬೈಗುಳಕ್ಕೆ ಕಿವುಡಾಗುವುದನ್ನು ಕಲಿತಿದ್ದ. ಮುದ್ದಿನ ಮಾತಿಗೆ ಕಿವುಡಾಗುವುದನ್ನು ಯಾರೂ ಕಲಿಸಿರಲಿಲ್ಲ. ಮೊಣಕೈಯಲ್ಲಿ ಹಳೆಯ ತುರಿಕೆ ಎದ್ದಿತು. ಒಂದು ಮಡಿಕೆ, ಒಂದು ಛಟೀರು. ವಿಕೆಟ್ಟು ಹಾರುತ್ತದೆ, ಟಗರು ಬರುತ್ತದೆ, ಚೈತ್ರ ಇರುತ್ತಾಳೆ. ಆದರೆ ಮಾವ ಕೇಳಿದ್ದು ನೆಟ್ಟನೆಯ ಓವರು. ಐದು ನೆಟ್ಟಗಿದ್ದು ಒಂದು ಡೊಂಕಾದರೆ ಅದಕ್ಕೆ ಏನನ್ನುತ್ತಾರೆ?

ಓಡಿದ. ತೋಳು ಕಿವಿ ಸವರಿತು. ಚೆಂಡು ಬಿರುಕಿನ ಮೇಲೇ ಬಿದ್ದು, ಮರ್ಯಾದಸ್ಥರ ಹಾಗೆ ಎದ್ದು, ಅಶೋಕನ ಬ್ಯಾಟಿನ ನಡುಮಧ್ಯಕ್ಕೆ ಹೋಯಿತು. ಸಿಕ್ಸರು. ಶಾಮಿಯಾನದ ಆಚೆ ಬಿದ್ದ ಚೆಂಡು ಕೊನೆಗೂ ಸಿಗಲಿಲ್ಲ.

ಟೆಂಪೋ ಊರಿಗೆ ಬಂತು. ಜಗಲಿ ಹತ್ತಿದ ಮೇಲೆ ನಿಂಗರಾಜ ಹೇಳಿದ.

"ಮಾವ, ಓವರು ಹಾಕ್ದೆ. ಅಂಪೈರು ಕೈ ಚಾಚ್ನಿಲ್ಲ."

"ಚಾಚ್ನಿಲ್ಲ, ಸರಿ. ಸಿಕ್ಸರು ಅಂತ ಎಲ್ಡೂ ಕೈನ ಆಕಾಸಕ್ಕೆ ಎತ್ತಿದ್ನಲ್ಲ, ಅದೂ ಎಲ್ಡು ಸಲ, ಅದ್ನ ನೋಡ್ನಿಲ್ವಾ? ಓದ್ ವರ್ಸನೂ ಸೋತ್ವಿ ಕಣ್ಲಾ. ಆದ್ರೆ ಅಂಪೈರ್ನ ಬೈಕಂಡು ಬರಬೋದಿತ್ತು. ಈಗ ಯಾರ್ನ ಬಯ್ಯಾನ?"

ಎರಡು ತಿಂಗಳೊಳಗೆ ಶಿವಣ್ಣ ಬೈಯುವುದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡ. ಸಂತೆಬಾಚಹಳ್ಳಿಯ ಅಶೋಕನ ಮನೆಗೆ ಹೋಗಿ ಚೈತ್ರಳ ಜಾತಕ ಕೊಟ್ಟು ಬಂದ. ಬೀಗನಾಗುವವನಿಗೆ ಸಂತೆಯಲ್ಲಿ ಯಾರು ತಾನೇ ಕೈ ಚಾಚುತ್ತಾರೆ? ದಲ್ಲಾಳಿ ಟವೆಲ್ಲು ಹಾಸಿ ಕುರ್ಚಿ ಕೊಟ್ಟನಂತೆ. ಮನೆಗೆ ಬಂದು ನಿಂಗರಾಜನಿಗೆ ಹೇಳಿದ. "ಶುಕ್ರವಾರ ಬೀಗ್ರು ಬತ್ತಾವ್ರೆ. ನೀನು ಎದುರ್ಗಿದ್ರೆ ಮಾತು ಆ ಓವರ್ಗೇ ತಿರುಗ್ತದೆ. ನಾಗಮಂಗಲದಲ್ಲಿ ನಿಮ್ಮಪ್ಪನ ಎರಡೆಕ್ರೆ ಬೀಳು ಬಿದ್ದದೆ, ಓಗಿ ನೋಡ್ಕೊ."

ಗುರುವಾರ ಬೆಳಿಗ್ಗೆ ನಿಂಗರಾಜ ಬಟ್ಟೆ ಗಂಟು ಕಟ್ಟಿದ. ದ್ಯಾವಮ್ಮ ಒಂದು ಚೀಲ ಬಿತ್ತನೆ ರಾಗಿ ತಂದು ಅವನ ಕಾಲ ಬಳಿ ಇಟ್ಟು, ಗಂಡನ ಕಡೆ ನೋಡದೆ ಒಳಗೆ ಹೋದಳು. ಶಿವಣ್ಣ ಪೇಪರು ಅಗಲಿಸಿಕೊಂಡಿದ್ದ.

ಬಾಗಿಲಲ್ಲಿ ಚೈತ್ರ ನಿಂತಿದ್ದಳು.

"ನಿನ್ ಕೈ ನೆಟ್ಟಗಾಯ್ತು ಬಾವ" ಎಂದಳು. "ಒಂದ್ ದಿನನಾದ್ರೂ ನನ್ನ ಕೇಳ್ದಾ? ನೀನು ಅಪ್ಪನ್ ಕೇಳ್ದೆ, ಮೇಷ್ಟ್ರ ಕೇಳ್ದೆ, ಅಂಪೈರ್ನ ಕೇಳ್ದೆ."

ನಿಂಗರಾಜ ನಿಂತ. ಉತ್ತರ ಅವನ ಬಾಯಿಗೆ ಬಂದಿತ್ತು; ಬಂದದ್ದು ಇಷ್ಟೇ. "ಕೇಳ್ಬೇಕಿತ್ತು ಕಣೆ."

"ಊಂ" ಎಂದಳು ಚೈತ್ರ. ಬಗ್ಗಿ ರಾಗಿ ಚೀಲದ ಒಂದು ತುದಿ ಹಿಡಿದು ಎತ್ತಿಕೊಟ್ಟಳು. ಅವನು ಅದನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡು, ಜಗಲಿ ಇಳಿದು ಬಸ್ಸಿನ ಕಡೆ ನಡೆದ.