ನೇಸರಗಿಯ ಸಹೋದರಿ

ಬೈಲಹೊಂಗಲದ ನಮ್ಮ ಕ್ರೈಸ್ತ ಸಭೆ ಚಿಕ್ಕದು. ಪ್ರತಿ ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಕೂಡುತ್ತೇವೆ. ಕಣ್ಣು ಮುಚ್ಚುವ ಮೊದಲು ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳಬೇಕು: ಮಗನ ಪರೀಕ್ಷೆ, ಸೊಂಟನೋವು, ಬೋರಿಗೆ ನೀರು. ನಾನು ಬೇಡುವವಳಲ್ಲ, ಸಾಕ್ಷಿ ಹೇಳುವವಳು. “ಕರ್ತ ನಮ್ಮ ಮನಿಗಿ ಏನೂ ಕಡಿಮಿ ಮಾಡಿಲ್ರಿ” ಎಂದು ಎದ್ದು ನಿಂತು ಹೇಳಿದರೆ ಹಬ್ಬದ ಸೀರೆ ಉಟ್ಟಷ್ಟು ಖುಷಿಯಾಗುತ್ತಿತ್ತು.

ಆ ವರ್ಷ ಕರ್ತ ಕಡಿಮೆ ಮಾಡಿಯೇಬಿಟ್ಟ. ನಾನೂ ನನ್ನ ಗಂಡನೂ ಹೊಲಿಗೆಯವರು. ಅವರದು ಕತ್ತರಿ, ನನ್ನದು ಮಷಿನ್. ನಮ್ಮ ಅನ್ನ ಬರುತ್ತಿದ್ದದ್ದು ಒಂದು ಶಾಲೆಯ ಯೂನಿಫಾರ್ಮಿನಿಂದ. ಆ ಜೂನ್‌ನಲ್ಲಿ ಶಾಲೆಯವರು ರೆಡಿಮೇಡ್ ತರಿಸಿದರು. ಪ್ಯಾಂಟಿನ ಝಿಪ್ಪು, ಬ್ಲೌಸಿನ ಹುಕ್ಕು ಹಚ್ಚುತ್ತ ಮೂರು ತಿಂಗಳು ಕಳೆದೆವು. ಎರಡೂ ಹೊತ್ತು ರೇಷನ್ ಅಕ್ಕಿಯ ಗಂಜಿ. ಖಾಲಿ ಜೋಳದ ಡಬ್ಬಿಯನ್ನು ತೊಳೆದು ಅಂಗಳದಲ್ಲಿ ಬಿಸಿಲಿಗಿಟ್ಟೆ. ನೋಡಿದವರು ನಾನು ಭಾರೀ ಸ್ವಚ್ಛದವಳು ಎಂದುಕೊಳ್ಳಲಿ ಅಂತ.

ಕೊನೆಗೆ ಬೇಡಲೇಬೇಕಾಯಿತು. ಎದ್ದು ನಿಂತೆ, ಮಾತು ತಾನೇ ಬೇರೆ ಕಡೆ ತಿರುಗಿತು. “ನನಗ ಗೊತ್ತಿದ್ದ ಒಬ್ಬ ಸಹೋದರಿ ಅದಾಳ್ರಿ. ಮನ್ಯಾಗ ಭಾಳ ಅಡಚಣಿ ಐತಿ. ಅಕಿ ಸಲುವಾಗಿ ಪ್ರಾರ್ಥನಾ ಮಾಡ್ರಿ” ಎಂದು ಕುಳಿತುಬಿಟ್ಟೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಸಭೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದಾರೆ. ವಿಳಾಸ ಸರಿಯಾಗಿರದಿದ್ದರೆ ಪ್ರಾರ್ಥನೆ ಮುಟ್ಟುವುದಿಲ್ಲವೆಂದು ಅವರ ನಂಬಿಕೆ.

“ಯಾವೂರಾಕಿ?”

“ನೇಸರಗಿಯಾಕ್ರಿ.” ಬಾಯಿಗೆ ಬಂದ ಊರು ಅದು.

“ಮನ್ಯಾಗ ಯಾರ್ಯಾರದಾರ?”

“ಗಂಡ, ಅತ್ತಿ. ಅತ್ತಿಗಿ ಕಾಲು ಬ್ಯಾನಿರಿ.”

ನನ್ನ ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಪಾಪ, ಅವರನ್ನು ಎಬ್ಬಿಸಿ ಕಾಲುನೋವಿನ ಸಮೇತ ನೇಸರಗಿಗೆ ಕಳಿಸಿಬಿಟ್ಟಿದ್ದೆ.

ಮುಂದಿನ ಬುಧವಾರ ನರ್ಸಮ್ಮ ಸಭೆಯವರಿಂದ ಕೂಡಿಸಿದ ಒಂದು ಸಣ್ಣ ಚೀಲ ಜೋಳ, ಬೆಲ್ಲ, ಅತ್ತೆಯ ಕಾಲಿಗೆ ತಿಕ್ಕಲು ಒಂದು ಶೀಸೆ ಎಣ್ಣೆ ತಂದು ನನ್ನ ಮುಂದಿಟ್ಟರು. “ನೇಸರಗಿಯಾಕಿಗಿ ಮುಟ್ಟಸವ್ವಾ” ಎಂದರು. ಮರ್ಯಾದೆಯೂ ಉಳಿಯಿತು, ಜೋಳವೂ ಬಂತು. ಕರ್ತನ ಜಾಣತನ ಕಂಡು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ.

ಗಂಡನನ್ನು ಮರೆತಿದ್ದೆ. ಗಿರಾಕಿಯ ಬಟ್ಟೆಯಲ್ಲಿ ಒಂದು ಗೇಣು ಉಳಿದರೂ ಮಡಚಿ ವಾಪಸು ಕೊಡುವ ಮನುಷ್ಯ. ಚೀಲವನ್ನು ಕಟಿಂಗ್ ಟೇಬಲ್ಲಿನ ಕೆಳಗೆ ತಳ್ಳಿ, “ಇದು ನೇಸರಗಿಯಾಕೀದು, ನಮ್ಮದಲ್ಲ” ಎಂದರು.

“ನೇಸರಗಿಯಾಕಿ ನಾನ ಅಲ್ಲೇನ್ರಿ?”

“ಹಂಗಂತ ಅವರ ಮುಂದ ಹೇಳಿ ಬಾ. ಆಮ್ಯಾಲೆ ರೊಟ್ಟಿ ಬಡಿ.”

ಜೋಳ ಕಾಲ ಬುಡದಲ್ಲಿ, ಬಾಯಲ್ಲಿ ಗಂಜಿ. ಸಿಟ್ಟಿಗೆ ಒಂದು ದಿನ ಅವರ ಗಂಜಿಗೆ ಉಪ್ಪೇ ಹಾಕಲಿಲ್ಲ. ಅವರು ಅದಕ್ಕೂ ಸ್ತೋತ್ರ ಹೇಳಿ ಕುಡಿದರು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಅಷ್ಟರಲ್ಲಿ ನರ್ಸಮ್ಮ ಮನೆಗೇ ಬಂದರು. “ಶನಿವಾರ ನಾನೂ ಬರತೇನಿ ನೇಸರಗಿಗಿ. ಆ ಅತ್ತಿ ಕಾಲು ನೋಡಬೇಕು.” ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹೀಗಾಗಿ ಚಾರ್ಜಿಗೆ ದುಡ್ಡಿಲ್ಲವೆಂಬ ನೆಪವೂ ಹೋಯಿತು. ಶನಿವಾರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಷ್ಟು ಪ್ರಾಮಾಣಿಕವಾಗಿ ನಾನು ಎಂದೂ ಪ್ರಾರ್ಥಿಸಿರಲಿಲ್ಲ. ಕರ್ತನೇ, ಆರು ದಿನದಲ್ಲಿ ಲೋಕವನ್ನೇ ಉಂಟುಮಾಡಿದವನು ನೀನು. ನಾವು ಬಸ್ಸಿಳಿಯುವುದರೊಳಗೆ ನೇಸರಗಿಯಲ್ಲಿ ಒಬ್ಬ ಬಡ ಸಹೋದರಿಯನ್ನೂ ಕಾಲುನೋವಿನ ಅತ್ತೆಯನ್ನೂ ಉಂಟುಮಾಡು.

ಬಸ್ಸಿಳಿದೆವು. ಬಲಕ್ಕೆ ನಾಲ್ಕು ಹೆಜ್ಜೆ ಹೋದೆ, ತಿರುಗಿ ಎಡಕ್ಕೆ ಹೋದೆ. ಒಂದು ಚಹಾದಂಗಡಿಯ ಮುಂದೆ ಚೀಲ ಇಳಿಸಿ, “ಅಮ್ಮಾರ, ನೇಸರಗಿಯಾಕಿ ನಾನರಿ” ಎಂದು ಅತ್ತುಬಿಟ್ಟೆ.

ನರ್ಸಮ್ಮ ನನ್ನನ್ನೇ ನೋಡಿದರು. “ಮತ್ತ ಅತ್ತಿ?”

“ಸತ್ತು ಒಂಬತ್ತು ವರ್ಷ ಆತ್ರಿ.”

“ಅಯ್ಯ ನಿನ್ನ! ಅಕಿ ಕಾಲಿನ ಸಲುವಾಗಿ ದಿನಾ ಮೊಣಕಾಲೂರಿ ಬೇಡಿಕೊಂಡು ನನ್ನ ಮೊಣಕಾಲು ಹೋದುವಲ್ಲ!”

ಚಹಾ ಕುಡಿಸಿದರು, ಕುಡಿಸುತ್ತಲೇ ಬೈದರು. “ಕರ್ತ ಕೊಡತಾನ, ಕೊಡತಾನ ಅಂತ ವರ್ಷಗಟ್ಟಲೆ ಒದರಿದಿ. ಯಾರ ಕೈಲಿ ಕೊಡತಾನ ಅಂತ ತಿಳಕೊಂಡಿದ್ದಿ? ಮುಗಲಿಂದ ಉದುರಸ್ತಾನೇನು? ಬುಧವಾರ ಎದ್ದು ನಿಂತು ಹೇಳು.” ಚೀಲ ಹೊತ್ತು ವಾಪಸು ಬಸ್ಸು ಹತ್ತಿದೆವು.

ಬುಧವಾರ ಎದ್ದು ನಿಂತೆ. ರೆಡಿಮೇಡ್ ಯೂನಿಫಾರ್ಮು, ಗಂಜಿ, ಇಲ್ಲದ ಅತ್ತೆ, ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಆಗ ಹಿಂದೆ ಕುಳಿತಿದ್ದ ಒಬ್ಬ ಸಹೋದರ ಎದ್ದ. ಬಾಡಿಗೆ ಕಾರು ಓಡಿಸುವವನು. ರಾಮದುರ್ಗದ ಗೆಳೆಯನ ಮಗಳು ಫೀಸಿಲ್ಲದೆ ಕಾಲೇಜು ಬಿಟ್ಟಿದ್ದಾಳೆ, ಮನೆಯಲ್ಲಿ ಊಟಕ್ಕೂ ಕಷ್ಟ, ಪ್ರಾರ್ಥಿಸಿ ಎಂದು ಆರು ತಿಂಗಳಿಂದ ಕೇಳುತ್ತಿದ್ದ. ಗಂಡಸರನ್ನು ನರ್ಸಮ್ಮ ಅಷ್ಟು ಕೆದಕುವುದಿಲ್ಲ.

“ರಾಮದುರ್ಗದಾಂವ ನಾನರಿ” ಎಂದ.

ಆ ಗೆಳೆಯನ ಹೆಸರಿಗೆ ನಾನೂ ಆರು ತಿಂಗಳು ಆಮೆನ್ ಎಂದಿದ್ದೆ, ಒಲೆಯ ಮೇಲೆ ಹಾಲಿಟ್ಟು ಬಂದೆನೇ ಎಂದು ಯೋಚಿಸುತ್ತ. ಆ ಆರು ತಿಂಗಳೂ ಅವನ ಹೆಂಡತಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಒಂದು ಹಾಡಿನ ಪುಸ್ತಕವನ್ನು ಇಬ್ಬರೂ ಹಿಡಿದು ಹಾಡುತ್ತಿದ್ದೆವು. ಹೊಟ್ಟೆಗಿಲ್ಲದ ದಿನಗಳಲ್ಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ನಮಗೆ ಕೆಲಸವೇನೂ ಮರುದಿನ ಬರಲಿಲ್ಲ, ಇನ್ನೂ ಎರಡು ತಿಂಗಳು ಹಿಡಿಯಿತು. ಆದರೆ ಮರುದಿನ ಬೆಳಿಗ್ಗೆ ಟೇಬಲ್ಲಿನ ಕೆಳಗಿನ ಚೀಲ ಬಿಚ್ಚಿ, ಅರ್ಧ ಜೋಳ ಹೊತ್ತುಕೊಂಡು ಅವಳ ಮನೆಗೆ ಹೋದೆ. ಅವಳು ಬಾಗಿಲು ತೆರೆದು ಚೀಲ ನೋಡಿದಳು.

“ಯಾರಿಗಿದು? ಎಲ್ಲಿಗಿ ಮುಟ್ಟಸಬೇಕ್ರಿ?”

“ಎಲ್ಲಿಗೂ ಇಲ್ಲವ್ವಾ, ನಿನಗ” ಎಂದೆ.